ಓಟಿಪಿ ನೋಡಲು ತೆಗೆದ ಫೋನು

ದಿನಕ್ಕೆ ಎಷ್ಟು ಹೊತ್ತು ಫೋನ್ ನೋಡುತ್ತೀರಿ ಎಂದು ಕೇಳಿದರೆ ಹೆಚ್ಚಿನವರು ಸ್ಕ್ರೀನ್ ಟೈಮ್ ತೆರೆದು ಮೂರು ಗಂಟೆ, ನಾಲ್ಕು ಗಂಟೆ ಎಂದು ಅಂಕಿ ತೋರಿಸಿ, ಸ್ವಲ್ಪ ನಾಚಿಕೊಂಡು ಅಲ್ಲಿಗೇ ಬಿಡುತ್ತಾರೆ. ಆ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಮ್ಯಾಪ್ ಹಾಕಿಕೊಂಡು ಹುಬ್ಬಳ್ಳಿಗೆ ಹೋದದ್ದೂ ಅದರಲ್ಲಿ ಸೇರಿರುತ್ತದೆ, ಅಮ್ಮನ ಜೊತೆಗಿನ ವಿಡಿಯೋ ಕಾಲೂ ಸೇರಿರುತ್ತದೆ. ನೋಡಬೇಕಾದದ್ದು ಬೇರೆ ಎರಡನ್ನು: ದಿನಕ್ಕೆ ಎಷ್ಟು ಸಲ ಫೋನ್ ಅನ್‌ಲಾಕ್ ಆಯಿತು, ಯಾವ ಆ್ಯಪ್ ಎಷ್ಟು ಸಲ ತೆರೆಯಿತು.

ಎರಡೂ ನಿಮ್ಮ ಫೋನಿನಲ್ಲೇ ಇವೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಡಿಜಿಟಲ್ ವೆಲ್‌ಬೀಯಿಂಗ್ ತೆರೆದರೆ ಅನ್‌ಲಾಕ್‌ಗಳ ಸಂಖ್ಯೆ ಕಾಣುತ್ತದೆ. ಡ್ಯಾಶ್‌ಬೋರ್ಡ್‌ಗೆ ಹೋಗಿ ‘ಸ್ಕ್ರೀನ್ ಟೈಮ್’ ಎಂದಿರುವ ಕಡೆ ಒತ್ತಿ ‘ಟೈಮ್ಸ್ ಓಪನ್ಡ್’ ಆರಿಸಿದರೆ ಪ್ರತಿ ಆ್ಯಪ್ ಎಷ್ಟು ಸಲ ತೆರೆಯಿತೆಂಬ ಲೆಕ್ಕ ಬರುತ್ತದೆ. ಕೆಲವು ಕಂಪನಿಗಳ ಫೋನಿನಲ್ಲಿ ಹೆಸರು, ಜಾಗ ಸ್ವಲ್ಪ ಬೇರೆ ಇರುತ್ತದೆ, ಲೆಕ್ಕ ಅದೇ. ಐಫೋನಿನಲ್ಲಿ ಸೆಟ್ಟಿಂಗ್ಸ್, ಸ್ಕ್ರೀನ್ ಟೈಮ್, ಅದರೊಳಗಿನ ಪೂರ್ಣ ವಿವರ ತೆರೆದು ಕೆಳಗೆ ಬಂದರೆ ‘ಪಿಕಪ್ಸ್’ ಎಂಬ ಭಾಗವಿದೆ. ಅಲ್ಲಿ ‘ಫಸ್ಟ್ ಯೂಸ್ಡ್ ಆಫ್ಟರ್ ಪಿಕಪ್’ ಎಂಬ ಪಟ್ಟಿಯೂ ಇದೆ, ಅಂದರೆ ಫೋನ್ ಎತ್ತಿಕೊಂಡ ಕೂಡಲೇ ಮೊದಲು ತೆರೆದ ಆ್ಯಪ್‌ಗಳದ್ದು. ಇಡೀ ವಿಷಯದಲ್ಲಿ ಇಷ್ಟು ನಿಜ ಹೇಳುವ ಪಟ್ಟಿ ಇನ್ನೊಂದಿಲ್ಲ.

ಕಾರಣ ಸರಳ. ಊಟವಾದ ಮೇಲೆ ಕೂತು ಒಂದೇ ಸಲ 40 ನಿಮಿಷ ರೀಲ್ಸ್ ನೋಡಿದವರಿಗೂ, ಬೆಳಗಿನಿಂದ ಸಂಜೆಯವರೆಗೆ 40 ಸಲ ಒಂದೊಂದು ನಿಮಿಷ ನೋಡಿದವರಿಗೂ ಸ್ಕ್ರೀನ್ ಟೈಮ್ ಒಂದೇ. ಮೊದಲನೆಯವರದ್ದು ಹೊತ್ತು ಕಳೆಯುವ ಅಭ್ಯಾಸ, ಅದರಲ್ಲಿ ಅಂಥ ಅಪಾಯವೇನಿಲ್ಲ. ಎರಡನೆಯವರ ಇಡೀ ದಿನವೇ ಚೂರುಚೂರಾಗಿದೆ. ಗಮನ ತಪ್ಪುವುದು ಎಂದು ನಾವು ಹೇಳುವುದು ಈ ಎರಡನೆಯದನ್ನು.

ಫೋನು ಕೈಗೆ ಬರಲು ಎರಡು ದಾರಿಗಳಿವೆ. ಒಂದು ಹೊರಗಿನಿಂದ ಬರುವ ಕರೆ: ಟಿಂಗ್ ಎಂಬ ಸದ್ದು, ಕಂಪನ, ಐಕಾನ್ ಮೇಲಿನ ಕೆಂಪು ಚುಕ್ಕೆ. ಇನ್ನೊಂದು ಒಳಗಿನಿಂದ, ಯಾರೂ ಕರೆಯದೆ. ಜನ ಮೊದಲನೆಯದನ್ನೇ ದೂರುತ್ತಾರೆ. ಆದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಕಚೇರಿ ನೌಕರರ ಕೆಲಸವನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳೆದಾಗ ಕಂಡದ್ದು, ಕೆಲಸಕ್ಕೆ ಬೀಳುವ ಅಡ್ಡಿಗಳಲ್ಲಿ ಅರ್ಧದ ಹತ್ತಿರ ನಾವೇ ತಂದುಕೊಂಡವು. ನೋಟಿಫಿಕೇಶನ್ ಪೂರ್ತಿ ಬಂದ್ ಮಾಡಿದವರಿಗೂ ಹಳೆಯ ಚಾಳಿ ಮರಳುವುದು ಈ ಕಾರಣಕ್ಕೆ.

ಒಳಗಿನ ಸೆಳೆತ ಎಲ್ಲ ಹೊತ್ತಿನಲ್ಲೂ ಏಳುವುದಿಲ್ಲ. ಅದಕ್ಕೆ ಅದರದ್ದೇ ಆದ ಜಾಗಗಳಿವೆ. ಪಿಯುಸಿ ವಿದ್ಯಾರ್ಥಿ ಭೌತಶಾಸ್ತ್ರದ ಲೆಕ್ಕ ಮಾಡುತ್ತಿದ್ದಾನೆ ಎಂದುಕೊಳ್ಳಿ. ಸೂತ್ರ ಗೊತ್ತಿರುವವರೆಗೆ ಪೆನ್ನು ಓಡುತ್ತದೆ. ಮುಂದಿನ ಹೆಜ್ಜೆ ಹೊಳೆಯದೆ ನಿಂತಾಗ ಕೈ ಫೋನಿನ ಕಡೆ ಹೋಗುತ್ತದೆ. ಆಫೀಸಿನಲ್ಲಿ ಕಷ್ಟದ ಮೇಲ್‌ಗೆ ಉತ್ತರ ಬರೆಯುವಾಗ, ಫೈಲ್ ಡೌನ್‌ಲೋಡ್ ಆಗುವ ಅರ್ಧ ನಿಮಿಷದಲ್ಲಿ, ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವೆ ಕೂಡ ಹಾಗೆಯೇ. ಸಿಕ್ಕಿಬಿದ್ದ ಜಾಗದಲ್ಲಿ ಸಣ್ಣದೊಂದು ಕಿರಿಕಿರಿ ಇರುತ್ತದೆ. ಫೋನ್ ತೆರೆದ ಕೂಡಲೇ ಅದು ಮಾಯವಾಗುತ್ತದೆ. ಮನಸ್ಸು ಕಲಿತುಕೊಳ್ಳುವುದು ಇದನ್ನೇ: ಬೇಸರ ಬಂದರೆ ಇಲ್ಲಿ ಒತ್ತು. ನೂರಾರು ಸಲ ಹೀಗಾದ ಮೇಲೆ ಬೆರಳು ಯೋಚನೆಗಿಂತ ಮುಂದೆ ಇರುತ್ತದೆ. ಓಟಿಪಿ ನೋಡಲು ಫೋನ್ ತೆಗೆದು, ಹತ್ತು ನಿಮಿಷದ ನಂತರ ಓಟಿಪಿಯ ಅವಧಿ ಮುಗಿದದ್ದು ಗೊತ್ತಾಗುವುದು ಹೀಗೆ.

ಇಲ್ಲಿ ಡೋಪಮೈನ್ ವಿಷಯ ಬಂದೇ ಬರುತ್ತದೆ, ವಾಟ್ಸಾಪ್ ಫಾರ್ವರ್ಡ್‌ಗಳ ಕೃಪೆ. ಡೋಪಮೈನ್ ಎಂದರೆ ಸುಖದ ರಸ, ರೀಲ್ಸ್ ನೋಡಿ ಅದು ಖಾಲಿಯಾಗುತ್ತದೆ, ಎರಡು ದಿನ ಉಪವಾಸ ಮಾಡಿದರೆ ಮತ್ತೆ ತುಂಬುತ್ತದೆ ಎಂಬ ಕಥೆ ತಪ್ಪು. ಅದೇನು ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಲ್ಲ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಡೋಪಮೈನ್ ನರಕೋಶಗಳು ಮಿಡಿದವು. ದೀಪ ಹೊತ್ತಿದರೆ ರಸ ಬರುತ್ತದೆ ಎಂದು ಮಂಗ ಕಲಿತ ಮೇಲೆ ಅವು ಮಿಡಿದದ್ದು ದೀಪಕ್ಕೆ, ರಸಕ್ಕಲ್ಲ. ದೀಪ ಹೊತ್ತಿಯೂ ರಸ ಬರದಿದ್ದರೆ ಮಿಡಿತ ಕುಗ್ಗಿತು. ಅಂದರೆ ಅದು ನಿರೀಕ್ಷೆಗೂ ಸಿಕ್ಕದ್ದಕ್ಕೂ ಇರುವ ಅಂತರದ ಲೆಕ್ಕ. ಐಕಾನ್ ಮೇಲಿನ ಕೆಂಪು ಚುಕ್ಕೆ ಎಬ್ಬಿಸುವಷ್ಟು ಆಸೆಯನ್ನು ಒಳಗಿರುವ ಪೋಸ್ಟ್ ತೀರಿಸದಿರುವುದು ಇದಕ್ಕೇ.

ಈ ನಿರೀಕ್ಷೆ ಆರದಂತೆ ಕಾಯುವುದು ಅನಿಶ್ಚಿತತೆ. 1957ರಲ್ಲಿ ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ ಪಾರಿವಾಳಗಳ ಮೇಲಿನ ದೊಡ್ಡ ಅಧ್ಯಯನವೊಂದನ್ನು ಪ್ರಕಟಿಸಿದರು. ಇಂತಿಷ್ಟು ಸಲ ಕುಕ್ಕಿದರೆ ಕಾಳು ಎಂಬ ನಿಯಮವಿದ್ದಾಗ ಪಾರಿವಾಳ ಕಾಳು ಸಿಕ್ಕ ಮೇಲೆ ಸ್ವಲ್ಪ ಸುಮ್ಮನಿರುತ್ತಿತ್ತು. ಎಷ್ಟನೇ ಕುಕ್ಕಿಗೆ ಸಿಗುತ್ತದೆ ಎಂದು ಗೊತ್ತಿಲ್ಲದಿದ್ದಾಗ ಬಿಡುವಿಲ್ಲದೆ ಕುಕ್ಕುತ್ತಿತ್ತು. ಕಾಳು ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಿತ್ತು. ಹತ್ತರಲ್ಲಿ ಎಂಟು ರೀಲ್ ಸಪ್ಪೆಯಾಗಿದ್ದು ಒಂಬತ್ತನೆಯದು ನಗಿಸಿದರೆ ನಾವು ಮಾಡುವುದೂ ಅದನ್ನೇ. ಎಲ್ಲವೂ ಚೆನ್ನಾಗಿದ್ದರೆ ಬೇಗ ಸಾಕೆನಿಸುತ್ತಿತ್ತು ಎಂಬುದು ವಿಚಿತ್ರವಾದರೂ ನಿಜ.

ನಿಲ್ಲಲು ಜಾಗವೂ ಇಲ್ಲ. ಪತ್ರಿಕೆಗೆ ಕೊನೆಯ ಪುಟವಿದೆ. ಮೊದಲು ವೆಬ್‌ಸೈಟ್‌ಗಳಿಗೂ ಕೆಳಗೆ ‘ಮುಂದಿನ ಪುಟ’ ಎಂಬ ಕೊಂಡಿ ಇರುತ್ತಿತ್ತು, ಅದನ್ನು ಒತ್ತಬೇಕೋ ಬೇಡವೋ ಎಂದು ಅರೆಕ್ಷಣ ಯೋಚಿಸಬೇಕಿತ್ತು. 2006ರಲ್ಲಿ ಏಜಾ ರಾಸ್ಕಿನ್ ರೂಪಿಸಿದ ಅನಂತ ಸ್ಕ್ರಾಲ್, ಅಂದರೆ ಕೆಳಗೆ ಸರಿದಷ್ಟೂ ಹೊಸದು ತಾನಾಗಿ ಬರುವ ಏರ್ಪಾಡು, ಆ ಅರೆಕ್ಷಣವನ್ನು ತೆಗೆದುಹಾಕಿತು. ಅದಕ್ಕಾಗಿ ತಾನು ಪಶ್ಚಾತ್ತಾಪ ಪಡುತ್ತೇನೆಂದು ಅವರು ಆಮೇಲೆ ಬಹಿರಂಗವಾಗಿಯೇ ಹೇಳಿದ್ದಾರೆ. ಪಟ್ಟಿಯನ್ನು ಕೆಳಕ್ಕೆ ಎಳೆದು ಬಿಟ್ಟರೆ ಹೊಸದು ಬರುವ ವಿನ್ಯಾಸ ಲೊರೆನ್ ಬ್ರಿಕ್ಟರ್ ಅವರದ್ದು, ಟ್ವೀಟಿ ಎಂಬ ಆ್ಯಪ್‌ನಿಂದ ಬಂದದ್ದು. 2009ರ ಫೆಬ್ರವರಿಯಲ್ಲಿ ಫೇಸ್‌ಬುಕ್‌ನ ಲೈಕ್ ಬಟನ್ ಬಂತು. 2012ರಲ್ಲಿ ಯೂಟ್ಯೂಬ್ ಎಷ್ಟು ಜನ ನೋಡಿದರು ಎಂಬುದನ್ನು ಬಿಟ್ಟು ಎಷ್ಟು ಹೊತ್ತು ನೋಡಿದರು ಎಂಬುದನ್ನು ಅಳೆಯತೊಡಗಿತು. ಮೆಟಾ ಕಂಪನಿಯ ಆದಾಯ ಬಹುತೇಕ ಪೂರ್ತಿ ಜಾಹೀರಾತಿನಿಂದಲೇ ಬರುವಾಗ, ನಾವು ಒಳಗೆ ಇದ್ದಷ್ಟು ಹೊತ್ತೇ ಅದಕ್ಕೆ ಸರಕು. ಇದರಲ್ಲಿ ಗುಟ್ಟೇನಿಲ್ಲ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಅಧ್ಯಾಯವಿದೆ, ಅದನ್ನು ವಿದೇಶದ ಲೇಖನಗಳು ಹೇಳುವುದಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬರುವ ಮುಂಚೆ ಡೇಟಾ ದುಬಾರಿ. ಬಳಸಿ ಆದ ಮೇಲೆ ‘ನೆಟ್ ಆಫ್ ಮಾಡು’ ಎನ್ನುವುದು ಮನೆಮನೆಯ ಮಾತಾಗಿತ್ತು. ಆ ಜಿಪುಣತನವೇ ದೊಡ್ಡ ಬ್ರೇಕ್. ಈಗಿನ ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್‌ಗಳಲ್ಲಿ ಲೆಕ್ಕ ತಿರುಗಿದೆ: ಉಳಿದ ಡೇಟಾ ರಾತ್ರಿ ಹನ್ನೆರಡಕ್ಕೆ ಹೋಗುತ್ತದೆ, ಹಾಗಾಗಿ ಮಲಗುವ ಮುಂಚೆ ‘ಮುಗಿಸುವ’ ಮನಸ್ಸಾಗುತ್ತದೆ. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳ ಮೇಲೆ ನಿಷೇಧ ಬಿತ್ತು. ಜುಲೈನಲ್ಲೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್‌ನ ಪ್ರಯೋಗ ಮೊದಲು ನಡೆದದ್ದೂ ಭಾರತದಲ್ಲೇ. ಟಿಕ್‌ಟಾಕ್ ಇದ್ದಾಗ ಈ ಚಿಕ್ಕ ವಿಡಿಯೋಗಳ ಚಾಳಿ ಒಂದು ಆ್ಯಪ್‌ನ ಕಾಯಿಲೆ. ಈಗ ಗೆಳೆಯರ ಫೋಟೋ ನೋಡಲು ಹೋದರೂ, ಪಾಠದ ವಿಡಿಯೋ ಹುಡುಕಲು ಹೋದರೂ ಅದೇ ಎದುರಾಗುತ್ತದೆ.

ಫೀಡ್, ಅಂದರೆ ಆ್ಯಪ್ ತೆರೆದಾಗ ಕಾಣುವ ಪೋಸ್ಟ್‌ಗಳ ಸಾಲು, ಏನನ್ನು ಮೇಲೆ ತರುತ್ತದೆ ಎಂಬುದರ ಬಗ್ಗೆ ಒಂದೇ ಮಾತು. ಅದು ನಿಮ್ಮ ಇಷ್ಟವನ್ನು ಅಳೆಯುವುದಿಲ್ಲ, ನಿಂತದ್ದನ್ನು ಅಳೆಯುತ್ತದೆ. ಸಿಟ್ಟಿನಿಂದ ನಿಂತರೂ ಅದೇ ಲೆಕ್ಕ. ಫೇಸ್‌ಬುಕ್ 2017ರಿಂದ ಕೆಲ ಕಾಲ ಕೋಪದ ಎಮೋಜಿ ಸೇರಿದಂತೆ ಎಲ್ಲ ಎಮೋಜಿಗಳಿಗೆ ಲೈಕ್‌ಗಿಂತ ಐದು ಪಟ್ಟು ತೂಕ ಕೊಟ್ಟಿತ್ತು. ಬೇಡದ್ದರ ಕೆಳಗೆ ಬೈದು ಕಾಮೆಂಟ್ ಹಾಕುವುದೆಂದರೆ ಅದನ್ನೇ ಇನ್ನಷ್ಟು ಕಳಿಸಿ ಎಂದು ಅರ್ಜಿ ಹಾಕಿದಂತೆ. ‘ನಾಟ್ ಇಂಟರೆಸ್ಟೆಡ್’ ಒತ್ತಿ ಮುಂದೆ ಹೋಗುವುದು ಮೇಲು.

ಇನ್ನು ಏನು ಮಾಡಬಹುದು ಎಂಬುದಕ್ಕೆ ಬರೋಣ. ಸಾಮಾನ್ಯವಾಗಿ ಮೊದಲು ಸಿಗುವ ಸಲಹೆ ಆ್ಯಪ್ ಟೈಮರ್: ಇನ್‌ಸ್ಟಾಗ್ರಾಂಗೆ ದಿನಕ್ಕೆ 30 ನಿಮಿಷ ಎಂದು ಇಡುವುದು. ಇದು ಸೋಲುವುದೇ ಹೆಚ್ಚು, ಏಕೆಂದರೆ ಅದು ತಡೆಯುವುದು ಹೊರಗೆ ಬರುವಾಗ. ಒಳ್ಳೆಯ ವಿಡಿಯೋದ ಮಧ್ಯದಲ್ಲಿ, ಮನಸ್ಸು ಪೂರ್ತಿ ಮುಳುಗಿರುವಾಗ ಆ್ಯಪ್ ಮುಚ್ಚಿಕೊಳ್ಳುತ್ತದೆ. ಐಫೋನಿನಲ್ಲಿ ‘ಇಗ್ನೋರ್ ಲಿಮಿಟ್’ ಅಲ್ಲೇ ಇದೆ, ಆಂಡ್ರಾಯ್ಡ್‌ನಲ್ಲಿ ಟೈಮರ್ ತೆಗೆಯಲು ಎರಡು ಮೂರು ಒತ್ತು ಸಾಕು. ಮೂರನೇ ದಿನಕ್ಕೆ ಆ ಒತ್ತುಗಳೂ ಅಭ್ಯಾಸವಾಗುತ್ತವೆ. ಟೈಮರೇ ಬೇಕೆಂದರೆ ಐಫೋನಿನ ಸ್ಕ್ರೀನ್ ಟೈಮ್ ಪಾಸ್‌ಕೋಡ್ ಅನ್ನು ಮನೆಯ ಇನ್ನೊಬ್ಬರ ಕೈಯಲ್ಲಿ ಹಾಕಿಸಿ, ನೀವು ನೋಡಬೇಡಿ. ಹಾಗೆ ಮಾಡದಿದ್ದರೆ ಟೈಮರ್ ಬರೀ ಅಲಂಕಾರ.

ತಡೆ ಇರಬೇಕಾದದ್ದು ಒಳಗೆ ಹೋಗುವ ಬಾಗಿಲಲ್ಲಿ, ಅದೂ ಗೋಡೆಯಷ್ಟು ದೊಡ್ಡದಾಗಬೇಕಿಲ್ಲ. ಜರ್ಮನಿಯಲ್ಲಿ ತಯಾರಾದ ‘ಒನ್ ಸೆಕ್’ ಎಂಬ ಆ್ಯಪ್ ಇದೆ. ಇನ್‌ಸ್ಟಾಗ್ರಾಂ ತೆರೆಯಲು ಹೋದರೆ ಕೆಲವು ಸೆಕೆಂಡ್ ಉಸಿರು ಎಳೆದುಕೊಳ್ಳಲು ಹೇಳಿ, ಆಮೇಲೆ ‘ನಿಜವಾಗಿ ತೆರೆಯಬೇಕೇ’ ಎಂದು ಕೇಳುತ್ತದೆ, ಅಷ್ಟೇ. 2023ರಲ್ಲಿ ಪ್ರಕಟವಾದ ಆರು ವಾರಗಳ ಅಧ್ಯಯನದಲ್ಲಿ ಬಳಕೆದಾರರು 36% ಸಲ ಅಲ್ಲಿಂದಲೇ ಹಿಂದೆ ಬಂದರು. ತೆರೆಯಲು ಹೋಗುವ ಪ್ರಯತ್ನಗಳೇ ಕ್ರಮೇಣ 37% ಇಳಿದವು. ಬೆರಳು ಯೋಚನೆಗಿಂತ ಮುಂದಿದ್ದರೆ, ಯೋಚನೆ ಬಂದು ಸೇರಲು ಬೇಕಾದ ಸಮಯ ಅಷ್ಟೇ ಎಂದಾಯಿತು.

ಹೊಸ ಆ್ಯಪ್ ಹಾಕದೆಯೂ ಇದನ್ನು ಮಾಡಬಹುದು. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಆ್ಯಪ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿ ಬ್ರೌಸರ್‌ನಲ್ಲಿ ಬಳಸಿ. ಖಾತೆ ಹೋಗುವುದಿಲ್ಲ, ಫೋಟೋಗಳೂ ಹೋಗುವುದಿಲ್ಲ. ಪಾಸ್‌ವರ್ಡ್ ಅನ್ನು ಬ್ರೌಸರ್ ನೆನಪಿಟ್ಟುಕೊಳ್ಳಲು ಬಿಡಬೇಡಿ, ಉದ್ದನೆಯದೊಂದನ್ನು ಇಟ್ಟು ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ, ಪ್ರತಿ ಸಲ ಲಾಗ್‌ಔಟ್ ಆಗಿ. ಇಲ್ಲಿ ತಪ್ಪುವುದು ಒಂದೇ ಕಡೆ: ‘ಈ ಒಂದು ಸಲ’ ಎಂದು ಲಾಗಿನ್ ಆದವರು ಲಾಗ್‌ಔಟ್ ಆಗುವುದಿಲ್ಲ. ಪ್ರೈವೇಟ್ ಅಥವಾ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದರೆ ಮುಚ್ಚಿದ ಕೂಡಲೇ ಅದೇ ಲಾಗ್‌ಔಟ್ ಮಾಡಿಕೊಳ್ಳುತ್ತದೆ.

ಸೀರೆ, ಉಪ್ಪಿನಕಾಯಿ, ಟ್ಯೂಷನ್ ಎಂದು ಇನ್‌ಸ್ಟಾಗ್ರಾಂನಲ್ಲೇ ವ್ಯಾಪಾರ ಮಾಡುವವರಿಗೆ ಆ್ಯಪ್ ತೆಗೆಯಿರಿ ಎನ್ನಲಾಗದು. ಅವರು ಕಂಪ್ಯೂಟರಿನಲ್ಲಿ ಮೆಟಾ ಬಿಸಿನೆಸ್ ಸೂಟ್ ಬಳಸಲಿ. ಪೋಸ್ಟ್‌ಗಳನ್ನು ವಾರಕ್ಕೊಮ್ಮೆ ಕೂತು ಶೆಡ್ಯೂಲ್ ಮಾಡಬಹುದು, ಗಿರಾಕಿಗಳ ಮೆಸೇಜ್‌ಗೆ ಅಲ್ಲಿಂದಲೇ ಉತ್ತರಿಸಬಹುದು. ಫೀಡ್ ಎದುರಿಗೆ ಬರುವುದೇ ಇಲ್ಲ.

ಯೂಟ್ಯೂಬ್‌ಗೆ ಒಂದು ಚೊಕ್ಕ ಉಪಾಯವಿದೆ, ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಆಲ್ ಹಿಸ್ಟರಿ’ ತೆರೆದು ವಾಚ್ ಹಿಸ್ಟರಿ ಆಫ್ ಮಾಡಿ. ಹಳೆಯದನ್ನೂ ಅಳಿಸಿ, ಇಲ್ಲದಿದ್ದರೆ ಹಳೆಯದರ ಮೇಲೆ ಸಲಹೆಗಳು ಬರುತ್ತಲೇ ಇರುತ್ತವೆ. 2023ರ ಆಗಸ್ಟ್‌ನಿಂದ ಯೂಟ್ಯೂಬ್ ಹೀಗೆ ಮಾಡಿದವರ ಹೋಮ್ ಪುಟವನ್ನು ಖಾಲಿ ಬಿಡುತ್ತದೆ. ಹುಡುಕಲು ಟೈಪ್ ಮಾಡುವ ಜಾಗ ಮಾತ್ರ ಇರುತ್ತದೆ. ಸಬ್‌ಸ್ಕ್ರೈಬ್ ಮಾಡಿದ ಚಾನೆಲ್‌ಗಳು ಅವುಗಳ ಟ್ಯಾಬ್‌ನಲ್ಲೇ ಇರುತ್ತವೆ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯಲ್ಲಿ ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ. ಆಟೋಪ್ಲೇ ಕೂಡ ಆಫ್ ಮಾಡಿ.

ನಿಜವಾದ ತಲೆನೋವು ವಾಟ್ಸಾಪ್. ಶಾಲೆಯ ಹೋಂವರ್ಕ್ ಅದರಲ್ಲೇ ಬರುತ್ತದೆ, ಅಪಾರ್ಟ್‌ಮೆಂಟಿನ ನೀರಿನ ಸುದ್ದಿ ಅದರಲ್ಲೇ, ಸಾಹೇಬರ ಆದೇಶವೂ ಅದರಲ್ಲೇ. ಬಿಡಲು ಸಾಧ್ಯವಿಲ್ಲ, ಹಾಗಾಗಿ ವಿಂಗಡಿಸಬೇಕು. ತುರ್ತಾಗಿ ನಿಮ್ಮನ್ನು ಹುಡುಕಬಹುದಾದ ಐದಾರು ಜನರಿಗೆ ಮಾತ್ರ ಸದ್ದು ಇರಲಿ. ಶಾಲೆ, ಆಫೀಸು, ಸಂಘದ ಗುಂಪುಗಳನ್ನು ಮ್ಯೂಟ್ ಮಾಡಿ. ಎಂಟು ಗಂಟೆ, ಒಂದು ವಾರ, ಯಾವಾಗಲೂ ಎಂಬ ಆಯ್ಕೆಗಳಲ್ಲಿ ‘ಯಾವಾಗಲೂ’ ಆರಿಸಿ. ಅವುಗಳನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ಸಾಕು. ಗುಡ್ ಮಾರ್ನಿಂಗ್ ಹೂವುಗಳ ಗುಂಪುಗಳು, ಬಿಟ್ಟರೆ ಮಾವನಿಗೆ ಬೇಸರವಾಗುತ್ತದೆ ಎಂಬಂಥವು, ಆರ್ಕೈವ್‌ಗೆ ಹೋಗಲಿ. ಚಾಟ್ಸ್ ಸೆಟ್ಟಿಂಗ್‌ನಲ್ಲಿ ‘ಕೀಪ್ ಚಾಟ್ಸ್ ಆರ್ಕೈವ್ಡ್’ ಆನ್ ಇದ್ದರೆ ಹೊಸ ಮೆಸೇಜ್ ಬಂದರೂ ಅವು ಮೇಲೆ ಬರುವುದಿಲ್ಲ. ನಿಮ್ಮ ಹೆಸರು ಹಿಡಿದು ಕರೆದರೆ ಅಥವಾ ನಿಮ್ಮ ಮೆಸೇಜ್‌ಗೆ ಉತ್ತರಿಸಿದರೆ ಮಾತ್ರ ಗೊತ್ತಾಗುತ್ತದೆ. ಯಾರಿಗೂ ನೀವು ಆರ್ಕೈವ್ ಮಾಡಿದ್ದು ತಿಳಿಯುವುದಿಲ್ಲ.

ಎಲ್ಲ ನೋಟಿಫಿಕೇಶನ್‌ಗಳನ್ನೂ ಒಟ್ಟಿಗೆ ಮುಚ್ಚುವ ಉತ್ಸಾಹ ಬೇಡ. ಭಾರತದ ಫೋನ್ ಬಳಕೆದಾರರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನೋಟಿಫಿಕೇಶನ್‌ಗಳನ್ನು ದಿನಕ್ಕೆ ಮೂರು ಕಂತಿನಲ್ಲಿ ಪಡೆದವರಿಗೆ ಗಮನ, ಮನಸ್ಸು ಎರಡೂ ಸುಧಾರಿಸಿದವು. ಪೂರ್ತಿ ನಿಲ್ಲಿಸಿದವರಿಗೆ ಏನೋ ತಪ್ಪಿಹೋಗುತ್ತಿದೆ ಎಂಬ ಕಳವಳ ಹೆಚ್ಚಾಯಿತು. ಐಫೋನಿನಲ್ಲಿ ‘ಶೆಡ್ಯೂಲ್ಡ್ ಸಮ್ಮರಿ’ ಇದಕ್ಕೇ ಇದೆ. ಆಂಡ್ರಾಯ್ಡ್‌ನಲ್ಲಿ ಬಂದ ನೋಟಿಫಿಕೇಶನ್ ಅನ್ನು ಒತ್ತಿ ಹಿಡಿದು ‘ಸೈಲೆಂಟ್’ ಮಾಡಬಹುದು. ಅಲ್ಲಿಂದಲೇ ಸೆಟ್ಟಿಂಗ್ಸ್‌ಗೆ ಹೋದರೆ ಒಂದೇ ಆ್ಯಪ್‌ನೊಳಗೆ ಹಲವು ಬಗೆಗಳು ಪಟ್ಟಿಯಾಗಿ ಸಿಗುತ್ತವೆ. ನೇರ ಮೆಸೇಜ್ ಮಾತ್ರ ಉಳಿಸಿ, ಲೈವ್, ಸಲಹೆ, ‘ನಿಮ್ಮ ಗೆಳೆಯರು ಇದನ್ನು ನೋಡಿದರು’ ಎಂಬಂಥವನ್ನು ತೆಗೆಯಿರಿ. ಆಂಡ್ರಾಯ್ಡ್ 13ರಿಂದ ಹೊಸ ಆ್ಯಪ್ ನೋಟಿಫಿಕೇಶನ್‌ಗೆ ಅನುಮತಿ ಕೇಳಲೇಬೇಕು. ಬ್ಯಾಂಕು, ಟಿಕೆಟ್ಟು ಬಿಟ್ಟು ಉಳಿದದ್ದಕ್ಕೆಲ್ಲ ‘ಬೇಡ’ ಎಂಬುದೇ ಮೊದಲ ಉತ್ತರವಾಗಿರಲಿ.

ಓಟಿಪಿಗಾಗಿ ಅನ್‌ಲಾಕ್ ಮಾಡುವುದೇ ಬೇಕಾಗಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರು ಗೂಗಲ್ ಮೆಸೇಜಸ್‌ನ ವೆಬ್ ಪುಟವನ್ನು ಸ್ವಂತ ಕಂಪ್ಯೂಟರಿಗೆ ಜೋಡಿಸಿಕೊಂಡರೆ ಎಸ್ಸೆಮ್ಮೆಸ್ ಅಲ್ಲೇ ಬರುತ್ತದೆ, ಫೋನು ಬ್ಯಾಗಿನಲ್ಲೇ ಇರಬಹುದು. ಅಂಗಡಿಯಲ್ಲಿ ಯುಪಿಐ ಪಾವತಿ ಆದ ಕೂಡಲೇ ಆ ಪರದೆಯಿಂದಲೇ ಪವರ್ ಬಟನ್ ಒತ್ತಿ. ಹೋಮ್ ಸ್ಕ್ರೀನ್‌ಗೆ ಮರಳಿದರೆ ಐಕಾನ್‌ಗಳು ಎದುರಿಗೆ ನಿಲ್ಲುತ್ತವೆ.

ಗಮನ ತಪ್ಪಿದ ಮೇಲೆ ಮರಳುವುದಕ್ಕೂ ಬೆಲೆ ಇದೆ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದಂತೆ, ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಭಾಗ ಹಿಂದಿನದರಲ್ಲೇ ಉಳಿಯುತ್ತದೆ. ಏಳಲೇಬೇಕಾದರೆ ಏಳುವ ಮುಂಚೆ ಮುಂದಿನ ಹೆಜ್ಜೆ ಏನೆಂದು ಒಂದು ಸಾಲು ಬರೆದಿಡಿ: ‘ಮೂರನೇ ಸಮೀಕರಣದಲ್ಲಿ ಬೆಲೆ ಹಾಕಬೇಕು’, ‘ಎರಡನೇ ಪ್ಯಾರಾಗೆ ಉದಾಹರಣೆ’. ಹೀಗೆ ಬರೆದಿಟ್ಟವರು ಬೇಗ ಹಿಡಿತಕ್ಕೆ ಬರುತ್ತಾರೆ. ಸಿಕ್ಕಿಬಿದ್ದ ಜಾಗದಲ್ಲಿ ಕೈ ಫೋನಿಗೆ ಹೋಗುವ ಚಾಳಿಗೂ ಇದೇ ಮದ್ದು. ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ಎಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ಬರೆದರೆ ಕಿರಿಕಿರಿ ಸ್ವಲ್ಪ ಇಳಿಯುತ್ತದೆ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿಡುವುದು ಸಾಲದು, ಎದ್ದು ಹೋಗಿ ತರಬೇಕಾದಷ್ಟು ದೂರ ಇಡಿ. ಮಲಗುವ ಕೋಣೆಗೂ ಇದೇ ಮಾತು: ಚಾರ್ಜರ್ ಹಾಲ್‌ನಲ್ಲಿರಲಿ, ಅಲಾರಂಗೆ ಬೇರೆ ಗಡಿಯಾರ ಕೊಳ್ಳಿ. ಫೋನಿನ ಅಲಾರಂ ಆಫ್ ಮಾಡುವುದೇ ಎಷ್ಟೋ ಜನರ ದಿನದ ಮೊದಲ ಅನ್‌ಲಾಕ್.

ಇದೆಲ್ಲ ಸಾಮಾನ್ಯ ಚಾಳಿಗೆ. ನಿದ್ದೆ, ಓದು, ನೌಕರಿ ಕೆಡುತ್ತಿದ್ದರೂ ಬಿಡಲಾಗದೆ, ಮನೆಯವರಿಂದ ಮುಚ್ಚಿಟ್ಟು ಬಳಸುವ ಹಂತಕ್ಕೆ ಬಂದಿದ್ದರೆ ಸೆಟ್ಟಿಂಗ್ಸ್ ಬದಲಿಸಿ ಆಗುವುದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಎರಡು ವಾರದ ನಂತರ ಮತ್ತೆ ‘ಟೈಮ್ಸ್ ಓಪನ್ಡ್’ ಪಟ್ಟಿ ತೆರೆಯಿರಿ. ಇನ್‌ಸ್ಟಾಗ್ರಾಂ ಇಳಿದಿರುತ್ತದೆ. ಆದರೆ ಅದರ ಜಾಗಕ್ಕೆ ಕ್ರಿಕೆಟ್ ಸ್ಕೋರು, ಷೇರು ಪೇಟೆ, ಸುದ್ದಿಯ ಆ್ಯಪ್, ಕೊನೆಗೆ ಹವಾಮಾನದ ಆ್ಯಪ್ ಕೂಡ ಏರಿರುವುದು ಸಾಮಾನ್ಯ. ಹೊರಗಿನ ಬಾಗಿಲು ಮುಚ್ಚಿದರೂ ಒಳಗಿನ ಸೆಳೆತ ಹಾಗೆಯೇ ಇದೆ ಎಂದರ್ಥ. ಯಾವ ಆ್ಯಪ್ ಏರಿದೆಯೋ ಅದನ್ನೂ ಹೋಮ್ ಸ್ಕ್ರೀನ್‌ನಿಂದ ತೆಗೆದು, ಹೆಸರು ಟೈಪ್ ಮಾಡಿ ಹುಡುಕಿಯೇ ತೆರೆಯುವಂತೆ ಮಾಡಿ. ಒಟ್ಟು ಅನ್‌ಲಾಕ್‌ಗಳ ಸಂಖ್ಯೆ ಇಳಿಯುವವರೆಗೆ ಯಾವುದೋ ಒಂದು ಆ್ಯಪ್‌ನ ಅಂಕಿ ಇಳಿದದ್ದಕ್ಕೆ ಹಿಗ್ಗಬೇಡಿ.